ಗೋಡೆಯಿಂದ ಇಳಿದ ಒಂಬತ್ತು ಗೊಂಬೆಗಳು

ಎರಡನೇ ಮೆಸಾ, ಅರಿಜೋನಾ
ಭಾನುವಾರ, ಆಗಸ್ಟ್ 14, 1983

ನನ್ನ ಅಕ್ಕನ ಮಗಳು ಡೆಲ್ಫೀನ್‌ಗೆ,

ನಾನು ಚೆನ್ನಾಗಿದ್ದೇನೆ. ಮಂಡಿನೋವು ಇದ್ದಲ್ಲೇ ಇದೆ, ಎಡಗಣ್ಣಿಗೆ ಮಂಜು ಕವಿಯುತ್ತಿದೆ, ಉಳಿದಂತೆ ಎಪ್ಪತ್ತೊಂದು ವರ್ಷದ ಮುದುಕ ಹೇಗಿರಬೇಕೋ ಹಾಗಿದ್ದೇನೆ. ನೀನು, ಮಗಳು ಲೋರೀನ್ ಅಲ್ಲಿ ಕ್ಷೇಮವಾಗಿದ್ದೀರಿ ಎಂದುಕೊಂಡಿದ್ದೇನೆ. ನಿನ್ನ ಕಾಗದ ಬಂದು ಎಂಟು ವಾರವಾಯಿತು. ಉತ್ತರ ಬರೆಯದೆ ಇದ್ದದ್ದು ತಪ್ಪು. ಹೊಲದ ಕೆಲಸವಿತ್ತು ಎಂದು ಸುಳ್ಳು ಹೇಳಬಹುದು. ಹೊಲದ ಕೆಲಸ ಯಾವಾಗ ಇರುವುದಿಲ್ಲ? ಇದ್ದದ್ದು ಸಿಟ್ಟು. ಮೂರು ಸಲ ಬರೆಯಲು ಕೂತೆ, ಮೂರು ಸಲವೂ ಪೆನ್ನಿನ ಮೊನೆ ಹಾಳೆಯನ್ನು ಹರಿದುಹಾಕಿತು.

ನೀನು ಬರೆದದ್ದು ಮೂರೇ ಸಾಲು. “ಮಾವ, ಗೋಡೆ ಖಾಲಿ ಮಾಡಿದ್ದು ನಾನೇ. ಯಾರೂ ನನ್ನ ತಲೆ ಕೆಡಿಸಿಲ್ಲ. ಬೈಯೋದಿದ್ರೆ ಬೈ.”

ಸರಿ. ಬೈಯುತ್ತೇನೆ. ನಮ್ಮಲ್ಲಿ ಮುದ್ದು ಮಾಡುವುದು ಅಪ್ಪನ ಪಾಲಿಗೆ, ಬೈಯುವುದು ಸೋದರಮಾವನ ಪಾಲಿಗೆ. ನೀನು ಚಿಕ್ಕವಳಿದ್ದಾಗ ಬೆಳಗ್ಗೆ ಏಳದಿದ್ದರೆ ಚೊಂಬು ನೀರು ತಂದು ಮುಖಕ್ಕೆ ಸುರಿಯುತ್ತಿದ್ದವನು ನಾನು. ನಿನ್ನ ಅಪ್ಪ ಪಾಪ, “ಮಲಗ್ಲಿ ಬಿಡು ಎಮರಿ, ಇನ್ನೂ ಕೂಸು” ಎನ್ನುತ್ತ ಬಾಗಿಲಲ್ಲಿ ನಿಂತಿರುತ್ತಿದ್ದ. ಈಗ ನೀನು ವಿನ್ಸ್‌ಲೋದಲ್ಲಿದ್ದೀಯ, ಚೊಂಬಿನ ನೀರು ಅರವತ್ತು ಮೈಲಿ ಹಾರುವುದಿಲ್ಲ. ಅದಕ್ಕೇ ಈ ಕಾಗದ. ಒಲೆ ಆರಿಸಿ, ಬಾಗಿಲು ಹಾಕಿಕೊಂಡು, ಕೂತು ಓದು. ನಿನ್ನ ಗಂಡ ಲೆಸ್ಟರ್ ಎದುರಿಗೆ ಓದಬೇಡ.

ಮೇ ತಿಂಗಳಲ್ಲಿ ನೀನು ಬಂದು ಹೋದ ದಿನ ನಾನು ಕೆಳಗಿನ ಹೊಲದಲ್ಲಿ ನೀಲಿ ಜೋಳ ಬಿತ್ತುತ್ತಿದ್ದೆ. ಸಂಜೆ ಬೆಟ್ಟ ಹತ್ತಿ ಬಂದವನು ಕಾಲು ಕೊಡವಿ ಒಳಗೆ ಹೋದೆ. ಗೋಡೆ ನೋಡಿದೆ. ಒಂಬತ್ತು ಮೊಳೆ, ಒಂಬತ್ತು ಬಿಳಿ ಕಲೆ. ಒಲೆಯ ಹೊಗೆಗೆ ಉಳಿದ ಗೋಡೆಯೆಲ್ಲ ಚರ್ಮದ ಬಣ್ಣಕ್ಕೆ ತಿರುಗಿತ್ತಲ್ಲ, ಗೊಂಬೆ ತೂಗುತ್ತಿದ್ದ ಜಾಗದಲ್ಲಿ ಮಾತ್ರ ಸುಣ್ಣ ನಿನ್ನೆ ಬಳಿದಷ್ಟು ಹೊಸದು. ಕಳ್ಳತನವಾಗಿದೆ ಎಂದುಕೊಂಡೆ. ಹಾಗೆಯೇ ಓಡಿಹೋಗಿ ಎದುರುಮನೆಯ ಓರ್ವಿಲ್‌ನನ್ನು ಕೂಗಿದೆ. ಅವನು ತನ್ನ ಮಾಳಿಗೆಯ ಮೇಲೆ ಕೂತು ಕಲ್ಲಂಗಡಿ ಬೀಜ ಉಗುಳುತ್ತಿದ್ದ.

“ಲೇ ಓರ್ವಿಲ್, ಮನೆಗೆ ಯಾರೋ ನುಗ್ಗಿದ್ದಾರೆ ಕಣೋ!”

“ಯಾರೂ ನುಗ್ಗಿಲ್ಲ. ನಿನ್ನ ಸೊಸೆ ಬಂದಿದ್ಲು. ಜೊತೇಲಿ ಒಬ್ಬ ಬಿಳಿಯ. ಹೆತ್ತ ಕೂಸುಗಳನ್ನ ಬಟ್ಟೇಲಿ ಸುತ್ಕೊಂಡ ಹಾಗೆ ಒಂದೊಂದಾಗಿ ಸುತ್ತಿ ಗಾಡಿಗೆ ಹಾಕ್ಕೊಂಡು ಹೋದ.”

“ನೀನೇನ್ ಮಾಡ್ತಿದ್ದೆ?”

“ನೋಡ್ತಿದ್ದೆ. ಅವಳ ಮನೆ, ಅವಳ ಗೋಡೆ. ನಾನ್ಯಾರು ಕೇಳೋಕೆ? ನೀನ್ ತಾನೆ ಯಾರು?”

ಅದು ನಿಜವೇ. ಮನೆ ಹೆಂಗಸರದು. ನಿನ್ನ ಅಮ್ಮ ನೆಟ್ಟಿ ಜನವರಿಯಲ್ಲಿ ಕಣ್ಣು ಮುಚ್ಚಿದ ದಿನದಿಂದ ಅದು ನಿನ್ನದು. ನಾನು ಹೆಂಡತಿ ಸತ್ತ ಮೇಲೆ ಅಕ್ಕನ ಮನೆಗೆ ವಾಪಸು ಬಂದು ಮೂಲೆ ಹಿಡಿದ ಗಂಡಸು. ಆ ಮೂಲೆಯೂ ನೀನು ಬಿಟ್ಟುಕೊಟ್ಟದ್ದು. ಎಲ್ಲ ಒಪ್ಪುತ್ತೇನೆ. ಆದರೆ ಅಮ್ಮ ಹೋಗಿ ನಾಲ್ಕು ತಿಂಗಳಿಗೇ ಅವಳ ಎದೆಯ ಮೇಲಿದ್ದುದನ್ನೆಲ್ಲ ಕಿತ್ತು ಒಬ್ಬ ವ್ಯಾಪಾರಿಯ ಕೈಗೆ ಕೊಡುವವಳನ್ನು ಏನೆಂದು ಕರೆಯಬೇಕೋ ನನಗೆ ಗೊತ್ತಿಲ್ಲ. ಗೊತ್ತಿರುವ ಪದಗಳನ್ನೆಲ್ಲ ಆ ಸಂಜೆ ಗೋಡೆಯ ಮುಂದೆ ನಿಂತು ಗಟ್ಟಿಯಾಗಿಯೇ ಕರೆದೆ. ಓರ್ವಿಲ್ ಕೇಳಿಸಿಕೊಂಡಿದ್ದಾನೆ, ಬೇಕಾದರೆ ಅವನನ್ನು ಕೇಳು.

ಯಾವುದನ್ನು ಕೊಟ್ಟೆ ಎಂದು ನಿನಗೆ ನೆನಪಿದೆಯೇ? ನಿನ್ನ ಅಮ್ಮ ಹುಟ್ಟಿದಾಗ ಬಂದ ಚಪ್ಪಟೆ ಗೊಂಬೆ. ಕೈಯಿಲ್ಲ, ಕಾಲಿಲ್ಲ, ಅಂಗೈಯಷ್ಟು ಹಲಗೆ, ಕೆನ್ನೆಗೆ ಎರಡು ಕೆಂಪು ಬೊಟ್ಟು. ಮಳೆ ತರುವ ನಮ್ಮ ಚೇತನಗಳಾದ ಕಚಿನಾಗಳಿಗೆಲ್ಲ ತಾಯಿ, ಹಹಾಯಿ. ತೊಟ್ಟಿಲ ಕೂಸಿಗೆ ಮೊದಲು ಬರುವುದು ಆಕೆಯೇ. ಬಣ್ಣ ಅಂಗಡಿಯದಲ್ಲ, ಬೆಟ್ಟದ ಕಲ್ಲು ಅರೆದದ್ದು. ಮುಟ್ಟಿದರೆ ಬೆರಳಿಗೆ ಅಂಟುತ್ತಿತ್ತು. ಅದು ಬಂದು ಎಪ್ಪತ್ತೈದು ವರ್ಷ. ಅದರ ಪಕ್ಕದಲ್ಲಿ ಮೂಗಿಲ್ಲದ ಗೂಬೆ. ಆ ಮೂಗು ಎಲ್ಲಿಹೋಯಿತು ಗೊತ್ತೆ? ನಿನಗೆ ಹಲ್ಲು ಬರುವಾಗ ನೀನೇ ಕಚ್ಚಿ ತಿಂದದ್ದು. ನಿನ್ನ ಅಮ್ಮ ನಕ್ಕೂ ನಕ್ಕೂ ಅತ್ತುಬಿಟ್ಟಿದ್ದಳು. ಇನ್ನು ಉದ್ದಗೂದಲಿನ ಕಚಿನಾ. ಗುಡುಗಿಲ್ಲದೆ, ಗಾಳಿಯಿಲ್ಲದೆ, ಬೀಜ ಕೊಚ್ಚಿಹೋಗದ ಹಾಗೆ ಸುರಿಯುವ ಮಳೆಯನ್ನು ತರುವವನು. ಅದು ನಿನಗೆ ಏಳು ತುಂಬಿದ ವರ್ಷದ ಜುಲೈ ತಿಂಗಳಲ್ಲಿ, ಕಚಿನಾಗಳೆಲ್ಲ ಹಿಮದ ಶಿಖರಕ್ಕೆ ಮರಳುವ ಬೀಳ್ಕೊಡುಗೆಯ ದಿನ, ಜೋಳದ ಹಸಿರು ದಂಟಿನ ಜೊತೆ ನಿನ್ನ ಕೈಗೆ ಬಂತು. ನೀನು ಅದನ್ನು ಎದೆಗೊತ್ತಿಕೊಂಡು ಮೂರು ದಿನ ಯಾರ ಕೈಗೂ ಕೊಡಲಿಲ್ಲ. ಊಟಕ್ಕೂ ಕೆಳಗಿಡಲಿಲ್ಲ.

ಅದನ್ನು ಕೊಟ್ಟುಬಿಟ್ಟೆ.

ಇದೆಲ್ಲ ಲೆಸ್ಟರನ ಕೆಲಸ ಎಂದು ಮೊದಲು ಅಂದುಕೊಂಡೆ. ಯಾರೂ ತಲೆ ಕೆಡಿಸಿಲ್ಲ ಎಂದು ನೀನು ಮುಂಚೆಯೇ ಬರೆದದ್ದು ನೋಡಿ ಸಂಶಯ ಹೆಚ್ಚಾಯಿತು. ಅವನ ಬಗ್ಗೆ ನಾನು ಇದುವರೆಗೆ ನಿನ್ನೆದುರು ಒಂದು ಮಾತೂ ಆಡಿಲ್ಲ. ಇವತ್ತು ಆಡುತ್ತೇನೆ. ಈ ಬೆಟ್ಟದ ಮೇಲೆ ಇಷ್ಟು ಗಂಡಸರಿರುವಾಗ ನಿನಗೆ ನೆರೆಯ ನವಾಹೋ ಬುಡಕಟ್ಟಿನವನೊಬ್ಬನೇ ಸಿಕ್ಕಿದನೆ? ನನ್ನ ಕುರಿಗಳು ಮೇಯುತ್ತಿದ್ದ ಕಣಿವೆಯಲ್ಲಿ ಇವತ್ತು ಸರ್ಕಾರದ ಮುಳ್ಳುತಂತಿ ಇದೆ. ತಂತಿಯ ಆಚೆ ಅವನ ಚಿಕ್ಕಪ್ಪಂದಿರ ಮನೆಗಳಿವೆ. ನನ್ನ ಅಪ್ಪ ತೋಡಿದ ನೀರಿನ ಗುಂಡಿಯಲ್ಲಿ ಅವರ ಕುದುರೆ ಕುಡಿಯುತ್ತದೆ. ನಿನ್ನ ಮದುವೆಯ ದಿನ ಅವನು ನನ್ನ ಮುಂದೆ ಟೋಪಿ ತೆಗೆದು, “ಮಾವ, ಆ ಬೇಲಿ ನಾನು ಹಾಕಿದ್ದಲ್ಲ” ಎಂದ. “ನೀನು ಕೀಳಲೂ ಇಲ್ಲವಲ್ಲ” ಎಂದೆ. ಅಷ್ಟೇ. ಹನ್ನೊಂದು ವರ್ಷದಲ್ಲಿ ನಮ್ಮಿಬ್ಬರ ನಡುವೆ ನಡೆದ ದೊಡ್ಡ ಮಾತುಕತೆ ಅದೇ.

ಜೂನ್ ತಿಂಗಳ ನಡುವಿನಲ್ಲಿ ನಿನ್ನ ಕಾಗದ ಬಂತು. ಲಕೋಟೆಯೊಳಗೆ ಆ ವ್ಯಾಪಾರಿಯ ಅಂಗಡಿಯ ಚೀಟಿಯೂ ಇತ್ತು. ಬೇಕೆಂದು ಇಟ್ಟೆಯೋ ಮರೆತು ಇಟ್ಟೆಯೋ ನೀನೇ ಬಲ್ಲೆ. ಪ್ರೂಯಿಟ್ ಎಂದು ಹೆಸರು, ಸ್ಕಾಟ್ಸ್‌ಡೇಲ್ ಎಂದು ಊರು. ಓರ್ವಿಲ್‌ಗೆ ತೋರಿಸಿದೆ. ಅವನು ಹೋಗಿ ಪಿಕಪ್ ಗಾಡಿಗೆ ನೀರು ಹಾಕಿ ಬಂದ. “ನಡಿ. ಬೈಯೋದಕ್ಕೆ ಇನ್ನೂರು ಮೈಲಿ ಹೋಗೋದು ಅಂದ್ರೆ ನನಗೂ ಆಸೆನೇ” ಎಂದ.

ಬೆಟ್ಟ ಇಳಿದು ಆ ಬಯಲಿಗೆ ಹೋಗುವುದೆಂದರೆ ರೊಟ್ಟಿಯ ಒಲೆಯೊಳಗೆ ತಲೆ ತೂರಿಸಿದ ಹಾಗೆ. ಅಂಗಡಿಯೊಳಗೆ ಮಾತ್ರ ತಣ್ಣನೆಯ ಗಾಳಿ ಬಿಟ್ಟಿದ್ದರು. ಪ್ರೂಯಿಟ್ ಒರಟನಲ್ಲ. ಒರಟನಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಬೆಳ್ಳಿ ಬಕಲಿನ ಬೆಲ್ಟು, ಮೆದು ದನಿ. ಕುರ್ಚಿ ಎಳೆದು ಕೂರಿಸಿದ, ಕಾಫಿ ಕೊಟ್ಟ. “ಬನ್ನಿ ಯಜಮಾನ್ರೇ, ಎಲ್ಲಿಂದ ಬಂದ್ರಿ? ಎರಡನೇ ಮೆಸಾ? ಅಯ್ಯೋ, ನಿಮ್ಮನ್ನೇ ನೋಡ್ಬೇಕು ಅಂತಿದ್ದೆ!” ಎಂದ.

ನಿನ್ನ ಅಮ್ಮನ ಒಂಬತ್ತೂ ಅಲ್ಲೇ ಇದ್ದವು. ತೂಗುತ್ತಿರಲಿಲ್ಲ. ನಿಂತಿದ್ದವು. ಡೆಲ್ಫೀನ್, ಅವುಗಳನ್ನು ನಿಲ್ಲಿಸಿದ್ದರು! ಕಪ್ಪು ಮರದ ತುಂಡುಗಳಿಗೆ ಕಬ್ಬಿಣದ ಕಡ್ಡಿ ನೆಟ್ಟು, ಆ ಕಡ್ಡಿಯನ್ನು ಕೆಳಗಿನಿಂದ ಗೊಂಬೆಯ ಕಾಲಿಗೆ ಕೊರೆದು ತೂರಿಸಿದ್ದರು. ಹಹಾಯಿಗೆ ಕಾಲಿಲ್ಲವಲ್ಲ, ಆಕೆಯ ಹೊಟ್ಟೆಯ ಕೆಳಗೇ ಕೊರೆದಿದ್ದರು. ಗೋಡೆಯ ಮೇಲೆ, ಮನೆಯ ಮಾತು ಕೇಳಿಕೊಂಡು, ರೊಟ್ಟಿಯ ಹೊಗೆ ಕುಡಿದುಕೊಂಡು ಇರಬೇಕಾದವರನ್ನು ಶೂಲಕ್ಕೆ ಹಾಕಿ, ಮೇಲಿನಿಂದ ದೀಪ ಬಿಟ್ಟಿದ್ದರು. ಕಾಫಿ ಲೋಟ ಕೆಳಗಿಟ್ಟೆ.

ಪ್ರೂಯಿಟ್ ಒಂದು ಪುಟ್ಟ ಪುಸ್ತಕ, ಪೆನ್ಸಿಲ್ ಹಿಡಿದು ಪಕ್ಕ ಬಂದ. “ಇದ್ಯಾವುದು, ಯಜಮಾನ್ರೇ? ಹೆಸರು ಗೊತ್ತಿದ್ರೆ ಜನ ಇಷ್ಟಪಡ್ತಾರೆ” ಎಂದು ನಿನ್ನ ಮೂಗಿಲ್ಲದ ಗೂಬೆಯನ್ನು ತೋರಿಸಿದ. ಓರ್ವಿಲ್ ಮುಂದೆ ಬಂದ. ಹಬ್ಬದ ದಿನ ಅಂಗಳದಲ್ಲಿ ಕೋಡಂಗಿಯಾಗಿ ಊರನ್ನೆಲ್ಲ ನಗಿಸುವ ಮುಖ ಅವನದು, ಆದರೆ ಆಗ ಗಂಭೀರವಾಗಿತ್ತು. ನಮ್ಮ ಭಾಷೆಯಲ್ಲಿ ನಿಧಾನವಾಗಿ, ಬಿಡಿಸಿ ಬಿಡಿಸಿ, “ಅತ್ತೆಯ ಹಾಸಿಗೆಯಲ್ಲಿ ಹೇತ ಮುದಿ ಕತ್ತೆ” ಎಂದ. ಪ್ರೂಯಿಟ್ ಮೂರು ಸಲ ಹೇಳಿಸಿಕೊಂಡು ಅಕ್ಷರ ಅಕ್ಷರ ಬರೆದುಕೊಂಡ. “ಇದರ ಅರ್ಥ?” ಎಂದ. “ಅದನ್ನ ಇಂಗ್ಲಿಷಿಗೆ ತರೋದು ಕಷ್ಟ. ಬಹಳ ಹಳೇ ಮಾತು” ಎಂದ ಓರ್ವಿಲ್. ಆಮೇಲೆ ಇನ್ನೂ ಎರಡಕ್ಕೆ ನಾಮಕರಣ ಮಾಡಿದ. ಅವನ್ನು ಹೆಂಗಸರಿಗೆ ಬರೆಯುವ ಕಾಗದದಲ್ಲಿ ಹಾಕಲಾರೆ. ನನಗೆ ನಗು ಬರಬೇಕಿತ್ತು. ಬರಲಿಲ್ಲ.

“ಒಂದು ಸಂಶಯ. ಕೇಳಿದ್ರೆ ತಪ್ಪು ತಿಳ್ಕೋಬೇಡಿ,” ಎಂದ ಪ್ರೂಯಿಟ್. “ಇವು ದೇವರಾ, ಆಟದ ಸಾಮಾನಾ? ಪುಸ್ತಕಗಳಲ್ಲಿ ಒಬ್ಬೊಬ್ಬರು ಒಂದೊಂದು ಥರ ಬರೀತಾರೆ.”

ಅಲ್ಲಿಯವರೆಗೆ ಸುಮ್ಮನಿದ್ದವನು ನಾನು ಹೇಳಿದೆ: “ದೇವರೂ ಅಲ್ಲ, ಆಟದ ಸಾಮಾನೂ ಅಲ್ಲ. ಅದು ಒಬ್ಬ ಹುಡುಗಿಗೆ ಬಂದದ್ದು. ಅಂಗಡಿಯಲ್ಲಿ ಇರೋದು ಬರೀ ಕಟ್ಟಿಗೆ. ಹುಡುಗಿ ಇದ್ದ ಕಡೆ ಅದು ಮಾತು. ನೀನು ಬೆಳೀಬೇಕು, ನಿನ್ನ ಮಡಿಲು ತುಂಬಬೇಕು, ನಿನ್ನ ಜೋಳದ ಮೇಲೆ ಮಳೆ ಬೀಳಬೇಕು, ನೀನು ಇರೋದು ನಮಗೆ ಗೊತ್ತು ಅಂತ ಕಚಿನಾಗಳು ಆ ಹುಡುಗಿಗೆ ಕೊಟ್ಟ ಮಾತು. ನನ್ನ ಅಕ್ಕನಿಗೆ ಕೊಟ್ಟ ಮಾತನ್ನ ನೀನು ಯಾರಿಗೆ ಮಾರ್ತೀಯಪ್ಪ? ಯಾರಿಗೆ ಬರುತ್ತೆ ಅದು?”

ಅವನು ಪೆನ್ಸಿಲ್ ಕೆಳಗಿಟ್ಟ. ಆಮೇಲೆ, ಹಾಳಾದವನು, ಮೆತ್ತಗೆ ಹೇಳಿದ: “ಹಾಗಾದ್ರೆ ಅವರು ಹೇಳಿದ್ದು ಇದೇ ಇರಬೇಕು. ನಿಮ್ಮ ಸೊಸೆ. ನಾನೇ ಅಂದೆ ಅವರಿಗೆ, ಎಲ್ಲಾ ಕೊಡಬೇಡಿ ಮೇಡಂ, ಮಗಳಿಗೆ ಅಂತ ಒಂದಾದ್ರೂ ಇಟ್ಕೊಳ್ಳಿ ಅಂತ. ಅವರು ಏನಂದ್ರು ಗೊತ್ತಾ? ‘ಮಗಳಿಗೋಸ್ಕರಾನೇ ತೆಗೀತಿರೋದು. ಈ ಮನೇಲಿ ಹುಟ್ಟಿದ ಎಲ್ಲಾ ಹೆಣ್ಣುಮಕ್ಕಳದೂ ಈ ಗೋಡೆ ಮೇಲಿದೆ, ಅವಳದೊಂದು ಬಿಟ್ಟು. ಬಂದಾಗಲೆಲ್ಲ ಕೆಳಗೆ ನಿಂತು ಎಣಿಸ್ತಾಳೆ. ಇನ್ಮೇಲೆ ಎಣಿಸೋದು ಬೇಡ’ ಅಂದ್ರು.”

ಒಬ್ಬ ಬಿಳಿಯನಿಗೆ ಹೇಳಿದೆಯಲ್ಲ! ಹಿಂದುಮುಂದು ಗೊತ್ತಿಲ್ಲದ, ಕುಲ ಗೊತ್ತಿಲ್ಲದ ಅಂಗಡಿಯವನಿಗೆ ನಮ್ಮ ಮನೆಯ ಒಳಗಿನದನ್ನು ಹೇಳಿದೆ. ಅದೇ ಮನೆಯ ಮೂಲೆಯಲ್ಲಿ ಕೂತಿದ್ದ ನನಗೆ ಒಂದು ದಿನವೂ ಹೇಳಲಿಲ್ಲ. ಹೇಳಿದ್ದರೆ ನಾನು ಕೇಳುತ್ತಿದ್ದೆನೇ ಎನ್ನುತ್ತೀಯ. ಎನ್ನು. ನಾನು ಆಗ ಅಲ್ಲಿ, ಆ ತಣ್ಣನೆಯ ಕೋಣೆಯಲ್ಲಿ, ಬೆವರಿಬಿಟ್ಟೆ. ಓರ್ವಿಲ್ ನನ್ನ ಮುಖ ನೋಡಲಿಲ್ಲ. ಅವನು ಗೋಡೆಯ ಮೇಲಿನ ಗಡಿಯಾರ ನೋಡಿದ.

ನನಗೆ ಏನಾಯಿತೋ ಗೊತ್ತಿಲ್ಲ. ಎದ್ದು ಹೋಗಿ ಹಹಾಯಿಯನ್ನು ಹಿಡಿದೆ. ಆ ಕಡ್ಡಿಯಿಂದ ಬಿಡಿಸಬೇಕು, ಅಷ್ಟೇ ನನಗಿದ್ದದ್ದು. “ನಿಧಾನ, ಯಜಮಾನ್ರೇ, ನಿಧಾನ” ಎಂದು ಅವನು ಕೂಗಿದ. ನಾನು ತಿರುಚಿ ಎಳೆದೆ. ಗೊಂಬೆ ಕೆತ್ತುವ, ಹಳ್ಳದ ದಂಡೆಯಲ್ಲಿ ಬೆಳೆಯುವ ಆ ಮರದ ಬೇರು ಎಷ್ಟು ಹಗುರ ಎಂದು ನಿನಗೆ ಗೊತ್ತು. ಎಪ್ಪತ್ತೈದು ವರ್ಷ ಒಣಗಿದ್ದು. ಕಾಗದದಷ್ಟು ತೆಳ್ಳಗಿನ ಪಿಕಿ ರೊಟ್ಟಿ ಮುರಿದ ಹಾಗೆ ಸದ್ದಾಯಿತು. ಮುಖದ ನಡುವಿನಿಂದ ಕೆಳಗಿನವರೆಗೆ ಸೀಳಿ ಎರಡಾಯಿತು. ಒಂದು ಕೆಂಪು ಬೊಟ್ಟು ಈ ಕೈಯಲ್ಲಿ, ಇನ್ನೊಂದು ಆ ಕೈಯಲ್ಲಿ.

ನಮ್ಮ ದೊಡ್ಡ ಮಾವನ ಕೆಲಸ ಅದು. ನಿನ್ನ ಅಮ್ಮ ಕಣ್ಣು ಬಿಟ್ಟು ಮೊದಲು ನೋಡಿದ ಮುಖ ಅದು. ಕೊಟ್ಟವಳು ನೀನು, ಕೊರೆದವನು ಅವನು. ಮುರಿದವನು ನಾನು.

ಪ್ರೂಯಿಟ್ ಬಿಳಿಚಿಕೊಂಡು ನಿಂತಿದ್ದ. ಬೈಯುತ್ತಾನೆ, ಪೊಲೀಸರನ್ನು ಕರೆಯುತ್ತಾನೆ ಎಂದುಕೊಂಡೆ, ಕರೆದಿದ್ದರೆ ಚೆನ್ನಾಗಿತ್ತು. ಅವನು, “ತಗೊಂಡು ಹೋಗಿ. ಇನ್ನು ಇದನ್ನ ಯಾರೂ ಕೇಳಲ್ಲ” ಎಂದ. ಉಳಿದ ಎಂಟನ್ನು ವಾಪಸು ಕೊಡು ಎನ್ನಲು ನನಗೆ ಬಾಯಿ ಬರಲಿಲ್ಲ. ಅದನ್ನು ಮುರಿದ ಕೈಯನ್ನೇ ಚಾಚಿ ಯಾವ ಮುಖದಿಂದ ಕೇಳಲಿ? ಎರಡು ಹೋಳುಗಳನ್ನು ಅಂಗಿಯೊಳಗೆ ಹಾಕಿಕೊಂಡು ಹೊರಗೆ ಬಂದೆ.

ವಾಪಸು ಬರುವಾಗ ಓರ್ವಿಲ್ ಗಾಡಿ ಓಡಿಸಿದ. ಹೋಲ್‌ಬ್ರೂಕ್ ದಾಟಿದ ಮೇಲೆ ಒಂದೇ ಮಾತು ಹೇಳಿದ. “ಎಮರಿ, ನೀನು ಅವನಿಗೆ ಹೇಳಿದ್ದು ಚೆನ್ನಾಗಿತ್ತು ಕಣೋ. ಹುಡುಗಿಗೆ ಕೊಟ್ಟ ಮಾತು ಅಂದದ್ದು. ಊರಲ್ಲೂ ಯಾರಿಗಾದ್ರೂ ಹೇಳು.” ಗಾಡಿ ನಿಲ್ಲಿಸು, ನಡೆದು ಹೋಗುತ್ತೇನೆ ಎಂದೆ. ಅವನು ನಿಲ್ಲಿಸಿಯೂ ಬಿಟ್ಟ. ಅರ್ಧ ಮೈಲಿ ಬಿಸಿಲಲ್ಲಿ ನಡೆದೆ. ಅವನು ಹಿಂದೆಯೇ ಆಮೆಯ ಹಾಗೆ ಗಾಡಿ ಬಿಟ್ಟುಕೊಂಡು ಬಂದ. ಮಂಡಿ ಕೈಕೊಟ್ಟ ಮೇಲೆ ಹತ್ತಿ ಕೂತೆ.

ಬುಧವಾರ

ಮೇಲಿನದನ್ನು ಬರೆದು ಮೂರು ದಿನ ಬಿಟ್ಟಿದ್ದೆ. ಇವತ್ತು ಮತ್ತೆ ಓದಿದೆ. ಒಂದು ಪದವನ್ನೂ ಅಳಿಸುವುದಿಲ್ಲ. ನನಗೆ ಇನ್ನೂ ಸಿಟ್ಟಿದೆ. ನೀನು ಗೋಡೆ ಖಾಲಿ ಮಾಡುವ ಮೊದಲು ನನ್ನ ಎದುರು ಬಂದು ನಿಂತು ಕೂಗಾಡಬೇಕಿತ್ತು. ಮಾವನಿಗೆ ಬೈಯುವ ಅಧಿಕಾರವಿದೆ ಎಂದರೆ ಸೊಸೆಗೆ ಬಾಯಿಲ್ಲ ಎಂದಲ್ಲ. ನಿನ್ನ ಅಮ್ಮನಿಗೆ ಇತ್ತು ಬಾಯಿ! ಸಾಯುವ ವರ್ಷವೂ ಅವಳು ಹಾಸಿಗೆಯಲ್ಲೇ ಎದ್ದು ಕೂತು ನನ್ನನ್ನು ಹಿಡಿದುಕೊಂಡಳು. “ಕುಲ ತಾಯಿಯಿಂದ ಬರೋದು ಅಂತ ನಿನಗೆ ನಾನ್ ಹೇಳಿಕೊಡಬೇಕೇನೋ? ಆ ಮಗು ನನ್ನ ಮಗಳ ಹೊಟ್ಟೇದು. ಅಪ್ಪ ನವಾಹೋ ಆದ್ರೇನು, ಚಂದ್ರನಿಂದ ಬಿದ್ದವನಾದ್ರೇನು?” ಎಂದಳು. ನಾನು, “ನನ್ನ ಕಣ್ಣು ಸರಿಯಿಲ್ಲ ಅಕ್ಕಾ, ಉಳಿ ಹಿಡಿಯೋಕೆ ಆಗಲ್ಲ” ಎಂದೆ. ಅದೇ ತಿಂಗಳು ಬೇರೆ ಮನೆಯ ಮಗುವಿನ ಗೊಂಬೆಗೆ ಬಣ್ಣ ಅರೆಯುತ್ತಿದ್ದುದನ್ನು ಅವಳು ನೋಡಿದ್ದಳು. ಗೋಡೆಯ ಕಡೆ ತಿರುಗಿ ಮಲಗಿದಳು.

ಗೊಂಬೆ ಯಾವ ಕೈಯಿಂದ ಯಾವ ಕೈಗೆ ಸೇರಿ ಹುಡುಗಿಗೆ ಬರುತ್ತದೆ ಎಂಬುದನ್ನು ಕಾಗದದಲ್ಲಿ ಬರೆಯಬಾರದು. ನೀನು ತಿಳಿದವಳು, ನಾನು ಅಷ್ಟರಲ್ಲೇ ನಿಲ್ಲಿಸುತ್ತೇನೆ. ಆ ಮನೆಗೆ ಉಳಿದಿದ್ದ ಗಂಡಸು ನಾನೊಬ್ಬನೇ. ನಿನ್ನ ಅಪ್ಪನೂ ಇಲ್ಲ, ನಿನಗೆ ಅಣ್ಣತಮ್ಮಂದಿರೂ ಇಲ್ಲ. ಇಷ್ಟು ಹೇಳಿದರೆ ಸಾಕು.

ಮುರಿದ ಹಹಾಯಿಯನ್ನು ಅಂಟು ಹಾಕಿ ಕೂಡಿಸಲಿಲ್ಲ. ಹೊಲದ ಅಂಚಿನ ಬಂಡೆಯ ಸಂದಿನಲ್ಲಿ ಒಂದು ಹಿಡಿ ಜೋಳದ ಹಿಟ್ಟಿನ ಜೊತೆ ಇಟ್ಟು ಬಂದೆ. ಅಲ್ಲಿ ಮಣ್ಣಾಗಲಿ. ಅಂಗಡಿಯಲ್ಲಿ ನಿಲ್ಲುವುದಕ್ಕಿಂತ ಅದು ಮೇಲು. ಉಳಿದ ಎಂಟರ ಕಥೆ ನನಗೆ ಗೊತ್ತಿಲ್ಲ, ಕೇಳುವುದೂ ಇಲ್ಲ. ಎಲ್ಲೋ ಯಾರದೋ ಮನೆಯಲ್ಲಿ “ಅತ್ತೆಯ ಹಾಸಿಗೆಯಲ್ಲಿ ಹೇತ ಮುದಿ ಕತ್ತೆ” ಎಂಬ ಚೀಟಿ ಹೊತ್ತು ಒಂದು ಗೂಬೆ ನಿಂತಿರುತ್ತದೆ. ನಿನಗೆ ನಗು ಬಂದರೆ ನಗು. ನಿನ್ನ ಅಮ್ಮನಾಗಿದ್ದರೆ ನಗುತ್ತಿದ್ದಳು.

ಊರಿನ ಸುದ್ದಿ ಹೇಳಬೇಕೆಂದರೆ, ಕಳೆದ ವಾರ ಎರಡು ದಿನ ಮಳೆ ಬಂತು. ಜೋಳ ಮಂಡಿಯೆತ್ತರ ದಾಟಿದೆ, ಕಾಗೆಗಳ ಕಾಟ ಇದ್ದದ್ದೇ. ಪೀಚ್ ಈ ಸಲ ಸಣ್ಣ, ಆದರೆ ಸಿಹಿ. ಓರ್ವಿಲ್‌ನ ಮಾಳಿಗೆಯ ಒಂದು ತೊಲೆ ಮುರಿದು ಅವನು ಕೂತ ಜಾಗದಿಂದ ನೇರ ಅಡುಗೆಮನೆಗೆ ಇಳಿದ. ಏನೂ ಆಗಲಿಲ್ಲ, ಅವನ ಹೆಂಡತಿಯ ಮಡಕೆಗಳಿಗೆ ಆಯಿತು. ಜುಲೈ ತಿಂಗಳ ಬೀಳ್ಕೊಡುಗೆಗೆ ನೀವು ಬರಲಿಲ್ಲ. ಎಲ್ಲರೂ ಕೇಳಿದರು. ಊರಿನ ಹುಡುಗಿಯರೆಲ್ಲ ಅಂಗಳದ ಅಂಚಿನಲ್ಲಿ ಸಾಲಾಗಿ ನಿಂತಿದ್ದರು. ನಾನು ಹೆಚ್ಚು ಹೊತ್ತು ನೋಡಲಿಲ್ಲ, ಹೊಲಕ್ಕೆ ಹೋದೆ.

ಗೋಡೆಗೆ ಸುಣ್ಣ ಬಳಿಸು ಎಂದು ಊರಿನ ಹೆಂಗಸರು ಹೇಳುತ್ತಿದ್ದಾರೆ. ಮನೆ ನಿನ್ನದು, ನೀನು ಬಂದು ಹೇಳುವವರೆಗೆ ಯಾರೂ ಮುಟ್ಟಕೂಡದು ಎಂದಿದ್ದೇನೆ. ಬಾ. ಅವನನ್ನೂ ಕರೆದುಕೊಂಡು ಬಾ. ಅವನಿಗೆ ಕೆಲಸದಲ್ಲಿ ರಜೆ ಸಿಗದಿದ್ದರೆ ಸಿಗುವ ದಿನ ನೋಡಿಕೊಂಡು ಬಾ. ನಾನು ಅವನೊಡನೆ ಮಾತಾಡುತ್ತೇನೆ ಎಂದು ಮಾತು ಕೊಡಲಾರೆ, ಎದ್ದು ಹೋಗುವುದಿಲ್ಲ ಎಂದು ಮಾತ್ರ ಕೊಡುತ್ತೇನೆ.

ನಿಮ್ಮ ಬಾಗಿಲಿಗೆ ಒಳ್ಳೆಯದೇ ಬರಲಿ. ನಿಮ್ಮ ಮೂವರ ಮೇಲೂ ಮೆಲ್ಲನೆಯ ಮಳೆ ಬೀಳಲಿ. ಮೂವರು ಎಂದು ಬರೆದುಬಿಟ್ಟೆ, ಹೊಡೆದುಹಾಕುವುದಿಲ್ಲ. ಲೋರೀನ್‌ಳ ಕೂದಲಿಗೆ ಎಣ್ಣೆ ಹಚ್ಚಿ ಬಾಚು, ಅವಳು ಉದ್ದ ಬೆಳೆಯಲಿ, ಹೆಚ್ಚು ಕಾಲ ಬದುಕಲಿ.

ನಿನ್ನ ಸೋದರಮಾವ,
ಎಮರಿ

ಮರೆತ ಮಾತು: ಮರೆತದ್ದೆಂದು ಬರೆದೆ, ಅದು ಸುಳ್ಳು. ಹೇಳಲಾಗದೆ ಎಂಟು ವಾರ ಕಳೆದದ್ದು ಇದಕ್ಕೇ. ಇದನ್ನು ಬೇರೆ ಹಾಳೆಯಲ್ಲಿ ಬರೆದಿದ್ದೇನೆ.

ಎರಡು ವರ್ಷದ ಹಿಂದೆ, ಬೀಳ್ಕೊಡುಗೆಯ ದಿನ ಬೆಳಗ್ಗೆ, ಲೋರೀನ್‌ಗೆ ಏಳು ವರ್ಷ. ಪಕ್ಕದ ಹುಡುಗಿಯರ ಕೈಗೆಲ್ಲ ಗೊಂಬೆ ಬಂದವು. ಇವಳಿಗೆ ಜೋಳದ ದಂಟು, ಎರಡು ಪೀಚು. ನೀನು ಒಳಗೆ ಅಮ್ಮನ ಜೊತೆ ಅಡುಗೆಯಲ್ಲಿದ್ದೆ. ಅವಳು ನೇರ ನಾನು ಕೂತಿದ್ದ ಮೆಟ್ಟಿಲಿಗೆ ಬಂದಳು. ಅಳುತ್ತಿರಲಿಲ್ಲ. “ಅಜ್ಜಾ, ನಾನೇನ್ ತಪ್ಪು ಮಾಡ್ದೆ?” ಎಂದಳು. ತುಂಟ ಮಕ್ಕಳಿಗೆ ಕಚಿನಾಗಳು ಕೊಡುವುದಿಲ್ಲ ಎಂದು ಯಾರೋ ಹೇಳಿದ್ದರಂತೆ. ನಾನು, “ಏನೋ ಮಾಡಿರ್ತೀಯ, ನೆನಪು ಮಾಡ್ಕೋ” ಎಂದೆ.

ಅವಳು ನನ್ನ ಪಕ್ಕ ಕೂತು ನೆನಪು ಮಾಡಿಕೊಂಡಳು. ಅಜ್ಜಿಯ ಬಟ್ಟಲು ಒಡೆದದ್ದು. ಕೂದಲು ತೊಳೆಯದೆ ತೊಳೆದೆ ಎಂದದ್ದು. ನಾಯಿಗೆ ಕಲ್ಲು ಬೀರಿದ್ದು. ಒಂದೊಂದಕ್ಕೂ ನನ್ನ ಮುಖ ನೋಡುತ್ತಿದ್ದಳು, ಇದೋ ಎಂದು. ಕೊನೆಗೆ ಕೇಳಿದಳು: “ನಾನು ಅಪ್ಪನ ಭಾಷೆ ಮಾತಾಡ್ತೀನಲ್ಲ, ಅದಕ್ಕಾ?”

ನಾನು ಅಲ್ಲ ಎನ್ನಲಿಲ್ಲ. ಹೌದೆಂದೂ ಅನ್ನಲಿಲ್ಲ. ಸುಮ್ಮನೆ ಎದ್ದು ಹೋದೆ. ಅವಳಿಗೆ ಅದೇ ಉತ್ತರವಾಯಿತು.

ಆ ಚಳಿಗಾಲದಲ್ಲಿ ನೀನು ಅಮ್ಮನಿಗೆ ಬರೆದಿದ್ದೆ: ಲೋರೀನ್ ಇದ್ದಕ್ಕಿದ್ದ ಹಾಗೆ ಅಪ್ಪ ಕರೆದರೆ ಅವನ ಮಾತಿನಲ್ಲಿ ಓಗೊಡುವುದಿಲ್ಲ, ಅವನ ಅಮ್ಮ ಬಂದರೆ ಬಾಯಿ ಕಟ್ಟಿಕೊಂಡು ಕೂರುತ್ತಾಳೆ, ಶಾಲೆಯಲ್ಲಿ ಯಾರಾದರೂ ಹಂಗಿಸಿದರೋ ಏನೋ ಗೊತ್ತಿಲ್ಲ, ಲೆಸ್ಟರ್ ಒಬ್ಬನೇ ಕೂತು ಕೊರಗುತ್ತಾನೆ ಎಂದು. ಅಮ್ಮ ಅದನ್ನು ನನಗೆ ಓದಿ ಹೇಳಿದಳು. ನನಗೆ ಗೊತ್ತಿತ್ತು. ಹೇಳಲಿಲ್ಲ. ನೀನು ಗೋಡೆ ಖಾಲಿ ಮಾಡಿದೆ ಎಂದು ಇಷ್ಟುದ್ದ ಬೈದೆನಲ್ಲ, ನಾನು ಆ ಮಗುವಿನ ಬಾಯಿ ಖಾಲಿ ಮಾಡಿದೆ.

ಈಗ ಅವಳಿಗೆ ನಿಜ ಹೇಳಲು ದಾರಿಯಿಲ್ಲ. ನನ್ನ ತಪ್ಪು ಎಂದು ಹೇಳಬೇಕಾದರೆ ಅವಳ ವಯಸ್ಸಿನವರಿಗೆ ಹೇಳಬಾರದ್ದನ್ನೆಲ್ಲ ಹೇಳಬೇಕಾಗುತ್ತದೆ. ಅವಳು ದೊಡ್ಡವಳಾಗಿ, ತಿಳಿಯಬೇಕಾದದ್ದನ್ನು ತಿಳಿಯುವ ಫೆಬ್ರವರಿಯ ದೀಕ್ಷೆ ಬರುವವರೆಗೆ ನಾನು ಕಾಯಬೇಕು. ಅಷ್ಟರವರೆಗೆ ನೀನು ಅವಳಿಗೆ ಇಷ್ಟನ್ನಾದರೂ ಹೇಳು: ಅಪ್ಪನ ಭಾಷೆಯಲ್ಲಿ ಏನೂ ತಪ್ಪಿಲ್ಲವಂತೆ, ಅಜ್ಜ ಹೇಳಿದ್ದಾನೆ, ಅವನಿಗೆ ಖಚಿತವಾಗಿ ಗೊತ್ತಂತೆ.

ಲೆಸ್ಟರ್‌ಗೆ ನೀನೇ ಹೇಳು. ನನ್ನಿಂದ ಆಗುವುದಿಲ್ಲ.

ಈ ಹಾಳೆಯನ್ನು ಉಳಿದವುಗಳ ಜೊತೆ ಇಡಬೇಡ. ಎತ್ತಿಡು. ಆ ಫೆಬ್ರವರಿಗೆ ನಾನು ಇಲ್ಲದಿದ್ದರೆ ಅವಳ ಕೈಗೆ ಕೊಡು. ಬೈಯಬೇಕೆನಿಸಿದರೆ ಬೈಯಲಿ, ಅವಳ ಅಪ್ಪನ ಭಾಷೆಯಲ್ಲೇ ಬೈಯಲಿ.